ಸಾರಿಗೆ ಬಾರದ ಅಣಬೆ

ನಮ್ಮ ಮನೆ ಮುಂದೆ ಒಂದು ಹಳೇ ಗುಲ್‌ಮೊಹರ್ ಮರ ಇದೆ. ಕಳೆದ ಮಳೆಗಾಲದಲ್ಲಿ ಅದರ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಕಂದು ಬಣ್ಣದ್ದೇನೋ ಅಂಟಿಕೊಂಡಿತ್ತು. ಯಾರೋ ಸೆಟ್ ದೋಸೆ ಎಸೆದಿದ್ದಾರೆ ಅಂದುಕೊಂಡೆ. ಬಗ್ಗಿ ನೋಡಿದರೆ ಅಣಬೆ. ಮೇಲೆ ವಾರ್ನಿಷ್ ಬಳಿದಂಥ ಹೊಳಪು, ಅಂಚಿಗೆ ಬೆಣ್ಣೆ ಬಣ್ಣದ ಗೆರೆ, ಬೆರಳಲ್ಲಿ ತಟ್ಟಿದರೆ ಮಣೆ ತಟ್ಟಿದ ಹಾಗೆ ಟಕ್ ಟಕ್.

ಫೋಟೋ ತೆಗೆದು ಊರಲ್ಲಿರುವ ಅಮ್ಮನಿಗೆ ಕಳಿಸಿದೆ. "ಮರದ ಅಣಬೆ, ಸಾರಿಗೆ ಬರಲ್ಲ" ಅಂತ ಉತ್ತರ ಬಂತು. ನಮ್ಮ ಮಲೆನಾಡಲ್ಲಿ ಅಣಬೆ ಗುರುತಿಸೋದು ಅಂದರೆ ಅಷ್ಟೇ. ಹುತ್ತದ ಮೇಲೆ ಏಳುವ ಅಣಬೆಗೆ ಇರುವ ಮರ್ಯಾದೆ ಮರಕ್ಕೆ ಅಂಟಿದ್ದಕ್ಕೆ ಎಲ್ಲಿ?

ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗೆ ತೋರಿಸಿದೆ. ಮೇಲಿಂದ ತೆಗೆದ ಫೋಟೋಗೆ ಒಂದು ಹೆಸರು ಹೇಳಿತು, ಪಕ್ಕದಿಂದ ತೆಗೆದದ್ದಕ್ಕೆ ಇನ್ನೊಂದು. ಅಣಬೆಯ ಮುಖ ನೋಡಿದರೆ ಸಾಲದು, ಹೊಟ್ಟೆ ನೋಡಬೇಕು ಅನ್ನೋದು ನನಗೆ ಆಮೇಲೆ ತಿಳಿದದ್ದು. ನಾಯಿಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆ ಥರ ಪದರ ಇರುತ್ತದಲ್ಲ, ಇದಕ್ಕೆ ಅದಿಲ್ಲ, ಬದಲಿಗೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು. ಉಗುರಲ್ಲಿ ಗೀರಿದೆ, ಬಿಳಿ ಇದ್ದದ್ದು ಕಂದಾಯಿತು. ಮಗಳು ಕಡ್ಡಿ ತಂದು ತನ್ನ ಹೆಸರನ್ನೇ ಬರೆದುಬಿಟ್ಟಳು. ಯಾವ ಮರ, ಬುಡದಲ್ಲಿದೆಯೋ ಕೊಂಬೆಯಲ್ಲೋ, ಮರ ಬದುಕಿದೆಯೋ ಒಣಗಿದೆಯೋ, ಇವನ್ನೂ ನೋಡಬೇಕು. ಎಲ್ಲ ಕೂಡಿಸಿದ ಮೇಲೆ ಗ್ಯಾನೊಡರ್ಮಾ ಅನ್ನುವ, ಮರ ಕೊಳೆಸುವ ಅಣಬೆಗಳ ಕುಲದಲ್ಲಿಗೆ ಬಂದು ನಿಂತೆ. ಅದರಲ್ಲಿ ಯಾವ ಗ್ಯಾನೊಡರ್ಮಾ ಅನ್ನೋದು ಮೈಕ್ರೋಸ್ಕೋಪ್ ಇದ್ದವರ ಜಗಳ, ನನಗೆ ಇಷ್ಟು ಸಾಕು.

ಅಮ್ಮನಿಗೆ ಫೋನ್ ಮಾಡಿ ಈ ಹೆಸರು ಹೇಳಿದರೆ ಏನೂ ಅರ್ಥವಾಗಲಿಲ್ಲ. ಅಡಿಕೆ, ತೆಂಗಿಗೂ ಬರುತ್ತಂತೆ ಅಂದೆ. "ಅದಾ! ಅಣಬೆ ರೋಗ ಅನ್ನು ಮಾರಾಯಾ" ಅಂದರು. ಅಡಿಕೆಯ ಸೋಗೆ ಹಳದಿಯಾಗಿ ಜೋತುಬೀಳುತ್ತದೆ, ಬುಡದಲ್ಲಿ ಕಂದು ರಸ ಸೋರುತ್ತದೆ, ಅಣಬೆ ಕಾಣಿಸೋದು ಎಲ್ಲ ಮುಗಿಯುತ್ತಾ ಬಂದ ಮೇಲೆ. ರೋಗಕ್ಕೆ ಹೆಸರು ಕೊಟ್ಟವನು ಎಲ್ಲರಿಗಿಂತ ಕೊನೆಗೆ ಬರೋದು ಎಷ್ಟು ಅನ್ಯಾಯ ನೋಡಿ! ಬೇರಿಂದ ಬೇರಿಗೆ ದಾಟದ ಹಾಗೆ ಮರದ ಸುತ್ತ ಕಾಲುವೆ ತೆಗೆಯಬೇಕು, ಬೇವಿನ ಹಿಂಡಿ ಜೊತೆ ಟ್ರೈಕೊಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ, ಹಾಕಬೇಕು ಅಂತ ಅಮ್ಮ ಶುರು ಮಾಡಿದರು. ಸುಮ್ನೆ ಅಣಬೆ ಕಿತ್ತುಹಾಕಿದರೆ ಆಗಲ್ವಾ ಅಂದೆ. "ಮಾವಿನಹಣ್ಣು ಕೊಯ್ದ್ರೆ ಮರ ಸಾಯುತ್ತೇನೋ?"

ಅಂದರೆ ನಾನು ನೋಡುತ್ತಿದ್ದದ್ದು ಬರೀ ಹಣ್ಣು. ಗಿಡ ಅನ್ನೋದಾದರೆ ಅದು ನೂಲಿನ ಎಳೆಗಳಾಗಿ ಮರದೊಳಗೆ ಕೂತು ಉಣ್ಣುತ್ತಿದೆ.

ಹಾಗಂತ ಮರದ ಮೇಲಿನ ಎಲ್ಲದಕ್ಕೂ ಹೆದರಬೇಕಿಲ್ಲ. ಪಕ್ಕದ ಮನೆ ಅಂಕಲ್ ಕಾಂಡದ ಬೂದು ಹಸಿರು ಚಕ್ಕೆ ನೋಡಿ ಸುಣ್ಣ ಬಳಿಯಲು ಹೊರಟಿದ್ದರು. ಪಾಚಿಯೂ ಶಿಲೀಂಧ್ರವೂ ಸೇರಿ ಸಂಸಾರ ಹೂಡಿದ ಕಲ್ಲುಹೂವಿನ ಬಳಗ ಅದು, ಮರಕ್ಕೆ ಏನೂ ಮಾಡಲ್ಲ. ಇದರ ನೆಂಟರು ನಿಮ್ಮ ಮಸಾಲೆ ಡಬ್ಬಿಯಲ್ಲೂ ಇದ್ದಾರೆ ಅಂದೆ. ನಂಬಲಿಲ್ಲ, ಒಳಗೆ ಹೋಗಿ ಡಬ್ಬಿ ತಂದು ಹೋಲಿಸಿ ನೋಡಿದರು.

ಅದೇ ಅಂಕಲ್‌ಗೆ ಇನ್ನೊಂದು ದೂರು ಇತ್ತು. ಮರದ ಕೆಳಗೆ ನಿಲ್ಲಿಸಿದ ಸ್ಕೂಟರ್ ಮೇಲೆ ದಿನಾ ಕೋಕೋ ಪುಡಿಯಂಥ ಕಂದು ಧೂಳು. ರಸ್ತೆ ಅಗೆದವರಿಗೆ ಬೈದುಕೊಂಡು ಒರೆಸುತ್ತಿದ್ದರು. ಅದೇ ಪುಡಿ ಅಣಬೆಯ ನೆತ್ತಿಯ ಮೇಲೂ, ಕೆಳಗಿನ ಎಲೆಗಳ ಮೇಲೂ ಕೂತಿತ್ತು. ಅಣಬೆ ಉದುರಿಸುವ ಬೀಜ ಅನ್ನಬಹುದು. ತೋರಿಸಿದೆ.

"ಅಂದ್ರೆ ಮರ ಒಳಗೆ ಟೊಳ್ಳಾ?"

ಇಬ್ಬರೂ ಹಲಸಿನಕಾಯಿ ಬಡಿದು ನೋಡುವವರ ಹಾಗೆ ಕಾಂಡದ ಸುತ್ತ ಬಡಿಯುತ್ತಾ ಬಂದೆವು. ರಸ್ತೆ ಕಡೆ ಗಟ್ಟಿ ಸದ್ದು. ಅಣಬೆ ಇದ್ದ ಕಡೆ ಡಬ್ ಡಬ್. ಅಂಕಲ್ ಏನೂ ಮಾತಾಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವರ ಸ್ಕೂಟರ್ ನಮ್ಮ ಗೇಟಿಗೆ ಅಡ್ಡ ನಿಂತಿತ್ತು.