ಶಿಯಾನ್‌ನಲ್ಲಿ ಮ್ಯೂಸಿಯಂ ಬೀದಿಗಿಳಿದಿದೆ

ಚೀನಾಕ್ಕೆ ಹೋಗಿ ಬಂದವರೆಲ್ಲ ಬುಲೆಟ್ ರೈಲು, ಮುಗಿಲೆತ್ತರದ ಕಟ್ಟಡ ಅಂತ ಬರೀತಾರೆ. ನನಗೆ ಹೊಟ್ಟೆಕಿಚ್ಚಾದದ್ದು ಬೇರೆಯದಕ್ಕೆ. ಶಿಯಾನ್‌ನಲ್ಲಿ ಕಾಲೇಜು ಹುಡುಗಿಯರು ಕೈಯಿಂದ ದುಡ್ಡು ಕೊಟ್ಟು, ಸಾವಿರ ವರ್ಷಕ್ಕೂ ಹಿಂದಿನ ತಾಂಗ್ ರಾಜವಂಶದ ಕಾಲದ ಉಡುಪು ತೊಟ್ಟು ಬೀದಿ ಸುತ್ತುತ್ತಾರಲ್ಲ, ಅದಕ್ಕೆ.

ಬೆಳಗ್ಗೆ ಹೋದದ್ದು ಶಾನ್ಶಿ ಇತಿಹಾಸ ಮ್ಯೂಸಿಯಂಗೆ. 1991ರಲ್ಲಿ ಶುರುವಾದದ್ದು, ಆದರೆ ಮಾಡು ತಾಂಗ್ ಅರಮನೆಯ ಮಾದರಿಯದು. ಮುಖ್ಯ ಗ್ಯಾಲರಿಗಳಿಗೆ ಟಿಕೆಟ್ ದುಡ್ಡಿಲ್ಲ. ಮೊದಲೇ ಬುಕ್ ಮಾಡಿರಬೇಕು ಅಷ್ಟೆ. ಒಳಗೆ ಜಾತ್ರೆ. ನಾನು ಹೆಚ್ಚು ಹೊತ್ತು ನಿಂತದ್ದು ಒಂದು ಮಣ್ಣಿನ ಒಂಟೆಯ ಮುಂದೆ. ಅದರ ಬೆನ್ನ ಮೇಲೊಂದು ಪುಟ್ಟ ವೇದಿಕೆ, ಸುತ್ತ ಕೂತ ಏಳು ಜನ ವಾದ್ಯದವರು, ನಡುವೆ ನಿಂತು ಹಾಡುವ ಒಬ್ಬಳು. ಹಳದಿ, ಹಸಿರು, ಕಂದು ಮೆರುಗು ಒಂದರೊಳಗೊಂದು ಇಳಿದಿದೆ. ಹಾಡುವವಳು ದುಂಡುದುಂಡಗಿದ್ದಾಳೆ, ಆ ಕಾಲಕ್ಕೆ ಅದೇ ಚೆಲುವು. 1970ರಲ್ಲಿ ಹೆಜಿಯಾ ಹಳ್ಳಿಯಲ್ಲಿ ನೆಲ ಅಗೆದಾಗ ಸಿಕ್ಕ ನಿಧಿಗೆ ಬೇರೆ ಟಿಕೆಟ್. ಜಿಪುಣತನ ಮಾಡದೆ ತಗೊಳ್ಳಿ. ಬೆಳ್ಳಿ ಹೂಜಿಯ ಮೇಲೆ ಬಾಯಲ್ಲಿ ಬಟ್ಟಲು ಕಚ್ಚಿ ಕುಣಿಯುವ, ಚಿನ್ನದ ಲೇಪದ ಕುದುರೆ, ಪರ್ಷಿಯಾದ ನಾಣ್ಯ, ಜಪಾನಿನ ನಾಣ್ಯ, ಎಲ್ಲ ಒಂದೇ ನಿಧಿಯಲ್ಲಿ!

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ 652ರಲ್ಲಿ ಕಟ್ಟಿದ ದೊಡ್ಡ ಕಾಡುಬಾತು ಪಗೋಡಾ, ಅಂದರೆ ಬೌದ್ಧ ಗೋಪುರ. ಎದುರಿಗೆ ನಿಂತಿರುವ ಪ್ರತಿಮೆ ಯಾರದು ಅಂದುಕೊಂಡಿರಿ? ನಮ್ಮ ಸಮಾಜ ಪುಸ್ತಕದ ಹ್ಯೂಯೆನ್ ತ್ಸಾಂಗ್! ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಪುಣ್ಯಾತ್ಮ. ಅವನು ಭಾರತದಿಂದ ತಂದ ಗ್ರಂಥಗಳನ್ನು ಕಾಪಿಡಲೆಂದೇ ಈ ಪಗೋಡಾ ಎದ್ದದ್ದು.

ಮಧ್ಯಾಹ್ನ ಮುಸ್ಲಿಂ ಬೀದಿಗೆ ಹೋಗಿ ದಾಳಿಂಬೆ ರಸ ಕುಡಿದು, ಎಣ್ಣೆಯಲ್ಲಿ ಬೇಯಿಸಿದ ಪರ್ಸಿಮನ್ ಹಣ್ಣಿನ ಸಿಹಿ ತಿಂದೆವು. ಅಂಗಡಿಗಳಲ್ಲಿ ಮಾರೋದು ಮಾತ್ರ ಎಲ್ಲ ಪ್ರವಾಸಿ ಬೀದಿಗಳ ಅದೇ ಫ್ರಿಜ್ ಮ್ಯಾಗ್ನೆಟ್ಟು, ಅದೇ ಬೀಸಣಿಗೆ. ಬೇಗ ಹೊರಟೆವು.

ಸಂಜೆ ಮತ್ತೆ ಪಗೋಡಾದ ಕಡೆ, ಅದರ ದಕ್ಷಿಣಕ್ಕಿರುವ ‘ನಿದ್ದೆಯಿಲ್ಲದ ತಾಂಗ್ ನಗರ’ಕ್ಕೆ. ಸುಮಾರು ಎರಡು ಕಿಲೋಮೀಟರ್ ಕಾಲ್ನಡಿಗೆ ಬೀದಿ. ಹಳೆಯ ಇಟ್ಟಿಗೆ ಒಂದೂ ಇಲ್ಲ, ಎಲ್ಲ ಮೊನ್ನೆ ಮೊನ್ನೆ ಕಟ್ಟಿದ್ದು, ಮೇಲೆ ಕಣ್ಣು ಕುಕ್ಕುವ ಲೈಟು. ಆದರೆ ಬೆಳಗ್ಗೆ ಗಾಜಿನ ಹಿಂದೆ ನಿಂತಿದ್ದ ಆ ಹಾಡುಗಾರ್ತಿ ಇಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಬರುತ್ತಿದ್ದಳು! ಎದೆಗೆ ಕಟ್ಟಿದ ಉದ್ದ ಲಂಗ, ಎತ್ತಿ ಕಟ್ಟಿದ ತುರುಬು, ಹಣೆಯಲ್ಲಿ ನಮ್ಮ ಕುಂಕುಮದ ಜಾಗದಲ್ಲೇ ಕೆಂಪು ಹೂವಿನ ಬೊಟ್ಟು. ಬಾಡಿಗೆಗೆ ಉಡುಪು ಕೊಡುವವರು, ಮೇಕಪ್ ಮಾಡುವವರು, ಫೋಟೊ ಹಿಡಿಯುವವರು, ಎಷ್ಟು ಮನೆಗಳ ಒಲೆ ಇದರಿಂದ ಉರಿಯುತ್ತದೋ. ನಮ್ಮಂಥ ಪರದೇಶಿಗಳನ್ನು ಯಾರೂ ಕ್ಯಾರೇ ಅನ್ನಲಿಲ್ಲ. ಗಿರಾಕಿಗಳೆಲ್ಲ ಅವರವರೇ.

ಈಗ ಪುಲಕೇಶಿಯ ಊರಿಗೆ ಬನ್ನಿ. ಬಾದಾಮಿಯ ಮೂರನೇ ಗುಹೆಯಲ್ಲಿ ಕಂಬಗಳ ಮೇಲಿನ ದಂಪತಿ ಶಿಲ್ಪಗಳನ್ನು ನೋಡಿದ್ದೀರಲ್ಲ? ಬಟ್ಟೆ ಕಡಿಮೆ, ಒಪ್ಪಿದೆ; ಆದರೆ ಆ ಮುಡಿ, ಆ ಆಭರಣ! ಅವನ್ನು ನೋಡಿ ಮಾಡಿದ ಒಂದು ಓಲೆ, ಒಂದು ತೋಳಬಂದಿ ಕೊಳ್ಳೋಣ ಅಂತ ಹೋದ ಸಲ ಹುಡುಕಿ ಬರಿಗೈಲಿ ಬಂದೆ. ಪಕ್ಕದಲ್ಲೇ ಗುಳೇದಗುಡ್ಡದ ಖಣ, ಅದೇ ಜಿಲ್ಲೆಯಲ್ಲಿ ಇಳಕಲ್ ಸೀರೆ. ಚಾಲುಕ್ಯರ ಕಾಲದ್ದಲ್ಲ ನಿಜ, ಆದರೆ ಆ ನೆಲದ್ದು. ಒಂದು ದಿನದ ಮಟ್ಟಿಗೆ ಉಡಿಸಿ, ಮುಡಿ ಕಟ್ಟಿ ಫೋಟೊ ತೆಗೆದುಕೊಡುತ್ತೇವೆ ಅಂದರೆ ಬೆಂಗಳೂರಿನಿಂದ ಬರುವ ಹುಡುಗಿಯರು ಬೇಡ ಅಂತಾರಾ?

‘ಅಯ್ಯೋ, ಬಾದಾಮಿಯನ್ನೂ ಸಂತೆ ಮಾಡ್ತೀರಾ?’ ಅಂತ ಕೆಲವರು ಬೈತೀರಿ, ಗೊತ್ತು. ಗುಹೆಯ ಬಾಗಿಲಲ್ಲಿ ಬೇಡವೇ ಬೇಡ. ಶಿಯಾನ್‌ನವರೂ ಪಗೋಡಾದ ಒಳಗೆ ಅಂಗಡಿ ಸಾಲು ಹಾಕಿಲ್ಲ, ಹೊರಗೆ ಹೊಸ ಬೀದಿ ಕಟ್ಟಿದ್ದಾರೆ. ನಾವೂ ಬಸ್ ಸ್ಟ್ಯಾಂಡ್ ಕಡೆ ಮಾಡೋಣ. ನೇಕಾರರಿಗೆ ಮಗ್ಗದ ಹೊರಗೂ ನಾಲ್ಕು ಕಾಸು ಹುಟ್ಟಲಿ.