ಹಳೆ ಕಂಪ್ಯೂಟರ್ ಎಸೆಯುವ ಮುಂಚೆ ಒಂದು ಶನಿವಾರ ಕೊಡಿ

ನಮ್ಮ ಮನೆಯ ಡೆಸ್ಕ್‌ಟಾಪ್ 2012ರಲ್ಲಿ ತಗೊಂಡಿದ್ದು. ಮೂರನೇ ತಲೆಮಾರಿನ ಇಂಟೆಲ್ ಐ5, 4 ಜಿಬಿ ರ‍್ಯಾಮ್, ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್. ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿಕೊಂಡು ಬಂದರೂ ಇನ್ನೂ ಸುತ್ತುತ್ತಾ ಇರುತ್ತಿತ್ತು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು. ನಮ್ಮದು ಆ ಪಟ್ಟಿಯಲ್ಲಿ ಇಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಎಸೆದು ಹೊಸದು ತಗೋ. ನಾವಿರುವ ಅಮೆರಿಕದ ಆರೆಗಾನ್‌ನಲ್ಲಿ ಎಸೆಯುವುದೂ ಸುಲಭ, ರಾಜ್ಯದ ಇ-ಸೈಕಲ್ಸ್ ಯೋಜನೆಯಲ್ಲಿ ಹಳೆ ಕಂಪ್ಯೂಟರ್ ಪುಕ್ಕಟೆಯಾಗಿ ತೆಗೆದುಕೊಳ್ಳುತ್ತಾರೆ.

ನಾನು ಎಸೆಯಲಿಲ್ಲ. ನೀವೂ ಎಸೆಯಬೇಡಿ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆ ಪೆಟ್ಟಿಗೆಯಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ. ನಿಧಾನಕ್ಕೆ ದೊಡ್ಡ ಕಾರಣ ಹಾರ್ಡ್ ಡಿಸ್ಕ್. ಒಂದು 240 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ, ವೇಗದ ಡಿಸ್ಕ್), ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ತಂದೆ. ಎರಡೂ ಸೇರಿ ಆದ ಖರ್ಚು ನಮ್ಮ ಮನೆಯ ನಾಲ್ಕು ಜನ ಒಂದು ಸಲ ಹೊರಗೆ ಊಟ ಮಾಡಿದರೆ ಆಗುವುದಕ್ಕಿಂತ ಕಡಿಮೆ. ಮುಚ್ಚಳ ತೆಗೆದು, ಧೂಳು ಒರೆಸಿ, ಎರಡು ವೈರ್ ಬದಲಾಯಿಸಿದ್ದಷ್ಟೇ ಕೆಲಸ. ಹಳೆ ಡಿಸ್ಕನ್ನು ಅಳಿಸಲಿಲ್ಲ, ಫೋಟೋ ಎಲ್ಲ ಅದರಲ್ಲೇ ಇದ್ದಾವೆ, ಹೊರಗೆ ತೆಗೆದು ಭದ್ರವಾಗಿ ಇಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ: ಫೋಟೋ ಮತ್ತು ಕಾಗದಪತ್ರ ಇನ್ನೊಂದು ಕಡೆ ಕಾಪಿ ಆಗುವ ತನಕ ಹೊಸ ಸಿಸ್ಟಮ್ ಹಾಕಲು ಕೂರಬೇಡಿ.

ಕೂತಿದ್ದು ಶನಿವಾರ. ಬ್ರೂ ಮಾಡುವ, ಅಂದರೆ ಬಿಯರ್ ಕಾಯಿಸುವ ದಿನವೇ ಬೇಕು ಅಂತ ಆರಿಸಿಕೊಂಡೆ.

ಆರು ವರ್ಷದಿಂದ ನಾನು ಮನೆಯಲ್ಲೇ ಬಿಯರ್ ಮಾಡುತ್ತೇನೆ. ಇಲ್ಲಿ ಅದು ಕಾನೂನುಬದ್ಧ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕದಲ್ಲಿ ಮನೆ ಬಿಯರ್‌ಗೆ ಒಪ್ಪಿಗೆ ಸಿಕ್ಕಿತು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಜಾಸ್ತಿ ಇದ್ದರೆ 200. ಮಾರುವ ಹಾಗಿಲ್ಲ. ಊರಲ್ಲಿರುವವರು ದಯವಿಟ್ಟು ಗಮನಿಸಿ, ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಿಮಗೆ ಈ ಬರಹದ ಕಂಪ್ಯೂಟರ್ ಭಾಗ ಸಾಕು.

ಬ್ರೂ ದಿನದಲ್ಲಿ ಅರ್ಧ ದಿನ ಬರೀ ಕಾಯುವುದೇ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಟ್ಟೆ ಚೀಲದಲ್ಲಿ ಹಾಕಿ, 67 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಬಿಡಬೇಕು. ಆಮೇಲೆ ಚೀಲ ಎತ್ತಿ, ಆ ಸಿಹಿ ನೀರನ್ನು ಒಂದು ಗಂಟೆ ಕುದಿಸಬೇಕು. ಈ ಎರಡು ಗಂಟೆಯಲ್ಲಿ ಏನು ಮಾಡುತ್ತೀರಿ? ನಾನು ಹಿತ್ತಲ ಬಾಗಿಲ ಪಕ್ಕ ಟೇಬಲ್ ಹಾಕಿ ಕಂಪ್ಯೂಟರ್ ಇಟ್ಟುಕೊಂಡೆ. ಹೊರಗೆ ಗ್ಯಾಸ್ ಒಲೆ, ಒಳಗೆ ಪರದೆ.

ಅಪ್ಪ ಬಂದು ಪಾತ್ರೆಯ ಮೇಲೆ ಬಗ್ಗಿ ನೋಡಿದರು. ಊರಿನಿಂದ ಬಂದು ಆಗ ಎರಡು ವಾರ ಆಗಿತ್ತು. ಅವರು ಕುಡಿಯುವವರಲ್ಲ.

"ಏನಮ್ಮ ಇದು, ಗಂಜಿ ಕಾಯಿಸ್ತಿದ್ದೀಯಾ?"

"ಬಾರ್ಲಿ ಅಪ್ಪ. ಬಿಯರ್‌ಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಸನೆ ಥೇಟ್ ರಾಗಿ ಮಾಲ್ಟ್ ಇದ್ದ ಹಾಗಿದೆಯಲ್ಲ" ಅಂದರು.

ಸರಿಯಾಗಿಯೇ ಹೇಳಿದರು. ರಾಗಿಯನ್ನು ಮೊಳಕೆ ಕಟ್ಟಿ ಮಾಲ್ಟ್ ಮಾಡಿದಾಗ ಆಗುವುದೂ ಇದೇ. ಮೊಳಕೆಯಲ್ಲಿ ಕಿಣ್ವ ಹುಟ್ಟುತ್ತದೆ, ಅದು ಹಿಟ್ಟನ್ನು ಸಕ್ಕರೆಗೆ ಒಡೆಯುತ್ತದೆ, ಮಗುವಿನ ಗಂಜಿ ತೆಳ್ಳಗೆ ಸಿಹಿಯಾಗುತ್ತದೆ. ಬಾರ್ಲಿಯಲ್ಲಿ ಆ ಕೆಲಸ 65ರಿಂದ 68 ಡಿಗ್ರಿಯೊಳಗೆ ಚೆನ್ನಾಗಿ ನಡೆಯುತ್ತದೆ, ಅದಕ್ಕೇ ಥರ್ಮಾಮೀಟರ್ ಕೈಲಿ ಹಿಡಿದು ಕೂರುವುದು.

ಬಾರ್ಲಿ ನೆನೆಯುತ್ತಿದ್ದಾಗ, ವಿಂಡೋಸ್ ಬದಲು ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಮಿಂಟ್ ಅನ್ನುವ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಲು ಶುರು ಮಾಡಿದೆ. ಹಳೆ ಯಂತ್ರಕ್ಕೆ ಅದು ಹಗುರ, 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಇದ್ದರೆ ಆರಾಮ. ಹಿಂದಿನ ದಿನವೇ ಅದನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಆನ್ ಮಾಡಿದ ತಕ್ಷಣ ಎಫ್12 ಒತ್ತಿ (ನಿಮ್ಮದರಲ್ಲಿ ಬೇರೆ ಕೀ ಇರಬಹುದು) ಪೆನ್‌ಡ್ರೈವ್ ಆರಿಸಿದರೆ ಏನೂ ಅಳಿಸದೆ ನೇರ ಅದರಿಂದಲೇ ಸಿಸ್ಟಮ್ ಓಡುತ್ತದೆ. ಇದು ನನಗೆ ಬಹಳ ಇಷ್ಟವಾದ ವಿಷಯ. ಸೌಂಡ್ ಬರುತ್ತದಾ, ಪ್ರಿಂಟರ್ ಸಿಗುತ್ತದಾ, ಪರದೆ ಸರಿ ಇದೆಯಾ ಅಂತ ಎಲ್ಲ ನೋಡಿ, ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್ ಒತ್ತಿ. ಹುಡುಗಿ ನೋಡೋಕೆ ಹೋದ ಹಾಗಲ್ಲ, ನಾಲ್ಕು ದಿನ ಬಾಡಿಗೆಗೆ ಇದ್ದು ಆಮೇಲೆ ಮನೆ ತಗೊಂಡ ಹಾಗೆ.

ನನಗೆ ಕೈಕೊಟ್ಟಿದ್ದು ವೈಫೈ. ಯುಎಸ್‌ಬಿಗೆ ಚುಚ್ಚುವ ಡಾಂಗಲ್‌ಗೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಇರಲಿಲ್ಲ. ಡ್ರೈವರ್ ಬೇಕು ಅಂದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕು ಅಂದರೆ ಡ್ರೈವರ್ ಬೇಕು. ಇಲ್ಲಿಗೇ ಎಷ್ಟೋ ಜನ ಕೈ ಬಿಡುತ್ತಾರೆ, ಬಿಡಬೇಡಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಪ್ಯೂಟರ್‌ಗೆ ಅದು ವೈರ್ ಹಾಕಿದ ನೆಟ್‌ವರ್ಕ್ ಥರ ಕಾಣುತ್ತದೆ. ನನಗೆ ಅದರಿಂದಲೇ ಡ್ರೈವರ್ ಇಳಿಯಿತು.

ಈ ಡ್ರೈವರ್ ಗಲಾಟೆಯಲ್ಲಿ ಮುಳುಗಿದ್ದಾಗ ಹೊರಗೆ ಪಾತ್ರೆ ಉಕ್ಕಿತು. ಚೀಲ ಎತ್ತಿ ಕುದಿಯಲು ಬಿಟ್ಟು ಬಂದಿದ್ದೆ. ಮೊದಲ ಕುದಿಯಲ್ಲಿ ಏಳುವ ನೊರೆ ಹಾಲಿನ ಹಾಗೆಯೇ, ನೋಡುತ್ತಾ ಇದ್ದರೆ ಏಳುವುದಿಲ್ಲ, ತಿರುಗಿದರೆ ಎದ್ದಿರುತ್ತದೆ. ಅಪ್ಪ ಕೂಗಿದ್ದು ಕೇಳಿ ಓಡಿದೆ. ಒಲೆ ಆರಿಸುವಷ್ಟರಲ್ಲಿ ಒಂದು ಲೀಟರ್ ಆದರೂ ಹೋಗಿತ್ತು, ಬರ್ನರ್ ತುಂಬ ಅಂಟು. ಎರಡು ಕೆಲಸ ಒಟ್ಟಿಗೆ ಮಾಡುವುದಾದರೆ ಕುದಿ ಹತ್ತುವ ಮೊದಲ ಹದಿನೈದು ನಿಮಿಷ ಪಾತ್ರೆಯ ಹತ್ತಿರವೇ ನಿಲ್ಲಿ, ಕಂಪ್ಯೂಟರ್ ಎಲ್ಲೂ ಓಡಿ ಹೋಗುವುದಿಲ್ಲ.

ಆಮೇಲೆ ಹಾಪ್ಸ್ ಹಾಕಿದೆ, ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಹೂವು. ಕ್ಯಾಸ್ಕೇಡ್ ತಳಿ, ಇದೇ ಆರೆಗಾನ್‌ನ ಕೊರ್ವಾಲಿಸ್‌ನಲ್ಲಿ ಬೆಳೆಸಿದ್ದು, 1972ರಲ್ಲಿ ಬಿಡುಗಡೆಯಾಯಿತು. ಬಿಸಿ ನೀರಿಗೆ ಬಿದ್ದ ಕೂಡಲೇ ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗ ಬರುವ ಘಮ. ಇನ್ನು ತಾಮ್ರದ ಸುರುಳಿ ಇಳಿಸಿ ತಣ್ಣೀರು ಹಾಯಿಸಿ 20 ಡಿಗ್ರಿಗೆ ತಂದು, ತೊಳೆದು ಸ್ಯಾನಿಟೈಸ್ ಮಾಡಿದ ಬಕೆಟ್‌ಗೆ ಸುರಿದು, ಯೀಸ್ಟ್ ಹಾಕಿ, ಏರ್‌ಲಾಕ್ (ಒಳಗಿನ ಗಾಳಿ ಗುಳ್ಳೆಯಾಗಿ ಹೊರಹೋಗಲು ಬಿಟ್ಟು ಹೊರಗಿನದನ್ನು ತಡೆಯುವ ಮುಚ್ಚಳ) ಸಿಕ್ಕಿಸಿದರೆ ಮುಗಿಯಿತು. ಹೈಡ್ರೋಮೀಟರ್ 1.050 ತೋರಿಸಿತು (ನೀರಿಗೆ 1.000, ಸಕ್ಕರೆ ಇದ್ದಷ್ಟೂ ಜಾಸ್ತಿ). ಬಕೆಟ್ ಇರುವುದು ಮಲಗುವ ಕೋಣೆಯ ಕಪಾಟಿನಲ್ಲಿ, ಅಲ್ಲಿ 19 ಡಿಗ್ರಿ. ಅಮ್ಮನ ಇಡ್ಲಿ ಹಿಟ್ಟಿಗೆ ಆ ಬಿಸಿ ಸಾಲದು, ಅದು ಓವನ್ ಒಳಗೆ ಲೈಟ್ ಹಾಕಿಸಿಕೊಂಡು ಕೂತಿರುತ್ತದೆ.

ಸಂಜೆಗೆ ಕಂಪ್ಯೂಟರ್‌ನಲ್ಲಿ ಎರಡು ಕೆಲಸ ಬಾಕಿ ಇತ್ತು.

ಒಂದು, ನನ್ನ ರೆಸಿಪಿಗಳು. ಎಲ್ಲವೂ ಫೋನಿನ ಒಂದು ಆ್ಯಪ್‌ನಲ್ಲಿ ಇದ್ದವು. ಮೊದಲು ಪುಕ್ಕಟೆ ಇತ್ತು, ಒಂದು ದಿನ ಚಂದಾ ಕೇಳಿತು, ಕಟ್ಟದಿದ್ದರೆ ಹತ್ತು ರೆಸಿಪಿ ಮಾತ್ರ ಕಾಣುತ್ತದೆ ಅಂದಿತು. ಮೂವತ್ತೆಂಟು ಬ್ಯಾಚ್‌ನ ಲೆಕ್ಕ, ನಾನೇ ಬರೆದಿದ್ದು, ನನಗೇ ಕಾಣುತ್ತಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಒಂದು ತಿಂಗಳ ದುಡ್ಡು ಕಟ್ಟಿ ಎಲ್ಲವನ್ನೂ ಬಿಯರ್‌ಎಕ್ಸ್‌ಎಂಎಲ್ (ಬೇರೆ ಬ್ರೂ ತಂತ್ರಾಂಶಗಳೂ ಓದುವ ರೂಪ) ಫೈಲ್ ಆಗಿ ಹೊರಗೆ ತಂದೆ. ಈಗ ಬ್ರೂಟಾರ್ಗೆಟ್ ಅನ್ನುವ ಮುಕ್ತ ತಂತ್ರಾಂಶ ಹಾಕಿದ್ದೇನೆ. ಎಷ್ಟು ಮಾಲ್ಟ್, ಯಾವ ಹಾಪ್ಸ್, ಎಷ್ಟು ನಿಮಿಷ ಅಂತ ಕೊಟ್ಟರೆ ಕಹಿ, ಬಣ್ಣ, ಆಲ್ಕೋಹಾಲ್ ಎಲ್ಲದರ ಅಂದಾಜು ಕೊಡುತ್ತದೆ. ಫೈಲ್ ನನ್ನ ಡಿಸ್ಕ್‌ನಲ್ಲಿ. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಹದಿಮೂರು ವರ್ಷದ ಹಳೆ ಪ್ರೊಸೆಸರ್‌ಗೆ ಈ ಲೆಕ್ಕ ಒಂದು ಲೆಕ್ಕವೇ ಅಲ್ಲ.

ಎರಡನೆಯದು ಅಪ್ಪನದು. ಅವರು ತಾಲ್ಲೂಕು ಕಚೇರಿಯಲ್ಲಿ ಇದ್ದಾಗಿನಿಂದ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವರು. ಫೋನಿನ ಪುಟ್ಟ ಕೀಲಿಗಳು ಅವರ ಬೆರಳಿಗೆ ಆಗುವುದಿಲ್ಲ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಿದರೆ ನುಡಿಯಲ್ಲಿದ್ದ ಕೀಲಿಮಣೆ ವಿನ್ಯಾಸವೇ ಕಗಪ ಅಂತ ಇದೆ, ಬೇರೆ ಏನೂ ಹಾಕಬೇಕಿಲ್ಲ. ಅಪ್ಪ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಸರಿ ಮಾಡಿಕೊಂಡು, ಕೀಬೋರ್ಡ್ ನೋಡದೆ "ಕನ್ನಡ" ಅಂತ ಹೊಡೆದರು. ಒತ್ತಕ್ಷರಕ್ಕೆ ಎಫ್ ಕೀಗೆ ಬೆರಳು ತಾನಾಗಿ ಹೋಯಿತು. ಪರದೆಯ ಮೇಲೆ ಅಕ್ಷರ ಮೂಡಿದಾಗ "ಓ, ಇದೆಯಲ್ಲ!" ಅಂದರು. ಆ ದಿನ ನನಗೆ ಅಷ್ಟು ಖುಷಿ ಕೊಟ್ಟಿದ್ದು ಬೇರೆ ಇಲ್ಲ.

ಎಲ್ಲವೂ ಸಲೀಸು ಅಂತ ಹೇಳುತ್ತಿಲ್ಲ. ಅಪ್ಪನ ಪೆನ್‌ಡ್ರೈವ್‌ನಲ್ಲಿದ್ದ ಹಳೆ ನುಡಿ ಫೈಲ್‌ಗಳು ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು, ಯಾಕೆಂದರೆ ಅವು ಯೂನಿಕೋಡ್ ಅಲ್ಲ. ಕನ್ವರ್ಟರ್ ಉಚಿತವಾಗಿ ಸಿಗುತ್ತದೆ, ಆದರೆ ಬದಲಾದ ಮೇಲೆ ಕೂತು ಒಂದೊಂದು ಪುಟ ತಿದ್ದಬೇಕು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶ ನಿಮ್ಮ ಕೆಲಸಕ್ಕೆ ಬೇಕೇ ಬೇಕು ಅಂದರೆ ಈ ದಾರಿ ನಿಮಗಲ್ಲ. ಪತ್ರಿಕೆ ಓದುವುದು, ವಿಡಿಯೋ ಕಾಲ್, ಬ್ಯಾಂಕ್, ಟೈಪಿಂಗ್, ಮಕ್ಕಳ ಹೋಮ್‌ವರ್ಕ್ ಇಷ್ಟೇ ಆದರೆ ಹೊಸ ಕಂಪ್ಯೂಟರ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಬಿಯರ್‌ನಲ್ಲಿ ನಾನು ಅವಸರಕ್ಕೆ ಬೆಲೆ ಕೊಟ್ಟಿದ್ದೇನೆ. ನನ್ನ ಎರಡನೇ ಬ್ಯಾಚ್‌ನಲ್ಲಿ ಏರ್‌ಲಾಕ್ ಗುಳ್ಳೆ ನಿಂತಿತು ಅಂತ ಆರನೇ ದಿನಕ್ಕೇ ಬಾಟಲಿಗೆ ತುಂಬಿಸಿದ್ದೆ, ರೀಡಿಂಗ್ ಇನ್ನೂ 1.020 ಇತ್ತು. ಒಳಗೆ ಸಕ್ಕರೆ ಉಳಿದಿತ್ತು, ಯೀಸ್ಟ್ ಕೆಲಸ ಮುಂದುವರಿಸಿತು, ರಾತ್ರಿ ಎರಡು ಗಂಟೆಗೆ ಕಪಾಟಿನಲ್ಲಿ ಮೂರು ಬಾಟಲಿ ಸಿಡಿದವು. ಆವತ್ತಿನಿಂದ ಒಂದೇ ಪಟ್ಟು: ಬೇರೆ ಬೇರೆ ದಿನ ತೆಗೆದ ರೀಡಿಂಗ್ ಒಂದೇ ಬರುವ ತನಕ ಬಾಟಲಿ ಮುಟ್ಟುವುದಿಲ್ಲ. ಇದನ್ನು ಅಪ್ಪನಿಗೂ ಹೇಳಿದ್ದೆ.

ಎರಡು ವಾರದ ಮೇಲೆ ಆಫೀಸಿನಿಂದ ಬಂದು ನೋಡಿದರೆ ಡೆಸ್ಕ್‌ಟಾಪ್‌ನಲ್ಲಿ "ಬಕೆಟ್" ಅಂತ ಒಂದು ಹೊಸ ಫೈಲ್. ನಾನು ಮೂರು ದಿನದಿಂದ ಬೆಳಿಗ್ಗೆ ರೀಡಿಂಗ್ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ ಅಪ್ಪ ಬರೆದಿಟ್ಟಿದ್ದಾರೆ. "ಮಂಗಳವಾರ 1.014. ಗುಳ್ಳೆ ಇಲ್ಲ. ಬುಧವಾರ 1.012. ಗುರುವಾರ 1.012. ಶನಿವಾರ ಇನ್ನೊಮ್ಮೆ ನೋಡಿ ತುಂಬಿಸಬಹುದು."