ಬ್ರೆಮ್‌ನ ಕಲ್ಲುಗೋಡೆ, ನಮ್ಮ ಮಲೆನಾಡಿನ ಧರೆ

ಜರ್ಮನಿಯಲ್ಲಿ ಟ್ರಿಯರ್‌ನಿಂದ ಕೊಬ್ಲೆನ್ಸ್ ಕಡೆಗೆ ಹರಿಯುವ ಮೋಸೆಲ್ ನದಿ ಬ್ರೆಮ್ ಎಂಬ ಪುಟ್ಟ ಊರಿನ ಹತ್ತಿರ ಬಂದ ದಿಕ್ಕಿಗೇ ಮರಳಿ ತಿರುಗುತ್ತದೆ. ತಿರುವಿನ ಹೊರದಂಡೆಯನ್ನು ನೀರು ಕೊರೆದೂ ಕೊರೆದೂ ಕಾಲ್ಮೊಂಟ್ ಗುಡ್ಡ ಕಡಿದಾಗಿ ನಿಂತಿದೆ; ಒಳದಂಡೆಯಲ್ಲಿ ಮೆಕ್ಕಲು ಕೂತು ನೆಲ ತಗ್ಗಾಗಿ ಚಾಚಿಕೊಂಡಿದೆ. ಗುಡ್ಡದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 380 ಮೀಟರ್, ನದಿ ಅಲ್ಲಿಂದ ಸುಮಾರು 290 ಮೀಟರ್ ಕೆಳಗೆ. ಕೆಲವೆಡೆ ಇಳಿಜಾರು 60 ಡಿಗ್ರಿ ದಾಟುತ್ತದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿತೋಟ ಎಂದು ಹೆಸರಾದದ್ದು ಈ ಇಳಿಜಾರೇ. ದಕ್ಷಿಣಕ್ಕೆ ಮುಖ ಮಾಡಿದ ಸ್ಲೇಟುಕಲ್ಲು ಹಗಲೆಲ್ಲ ಕಾದು ರಾತ್ರಿ ಆ ಶಾಖವನ್ನು ಬಳ್ಳಿಗೆ ಬಿಡುವುದರಿಂದಲೇ ಈ ಚಳಿ ಸೀಮೆಯಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿ ಹಣ್ಣಾಗುವುದು.

ಮನೆಗಳು ಗುಡ್ಡದ ಮೇಲಿಲ್ಲ, ಬುಡದಲ್ಲಿ ನದಿಗೆ ತಾಗಿ ಒತ್ತೊತ್ತಾಗಿವೆ. ಅದಕ್ಕೆ ತೆರುವ ಬೆಲೆ ಪ್ರವಾಹ: 1993ರ ಡಿಸೆಂಬರಿನಲ್ಲಿ, ಮತ್ತೆ 1995ರ ಜನವರಿಯಲ್ಲಿ ಮೋಸೆಲ್ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಆದರೂ ಇಳಿಜಾರನ್ನು ಸೀಳಿ ಮನೆ ಕಟ್ಟುವ ಚಾಳಿ ಇಲ್ಲಿ ಬೆಳೆಯಲಿಲ್ಲ.

ಇಳಿಜಾರನ್ನು ಹಿಡಿದಿರುವುದು ಗಾರೆ ಹಾಕದ ಕಲ್ಲುಗೋಡೆ. ಗಟ್ಟಿ ನೆಲ ಸಿಗುವವರೆಗೆ ತಳ ತೋಡಿ ಅತಿ ದೊಡ್ಡ ಕಲ್ಲುಗಳನ್ನು ಅಡಿಯಲ್ಲಿ ಕೂರಿಸುತ್ತಾರೆ. ತಳದ ದಪ್ಪ ಎತ್ತರದ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗಬಾರದು. ಮೇಲೇರಿದಂತೆ ಗೋಡೆ ಮೀಟರಿಗೆ 10–15 ಸೆಂಟಿಮೀಟರ್‌ನಷ್ಟು ಗುಡ್ಡದ ಕಡೆಗೆ ವಾಲಬೇಕು. ಸಂದಿನ ಮೇಲೆ ಸಂದು ಬಂದರೆ ಗೋಡೆ ಅದೇ ಗೆರೆಯಲ್ಲಿ ಸೀಳುತ್ತದೆ. ನಡುನಡುವೆ ಉದ್ದದ ಕಲ್ಲುಗಳನ್ನು ಗುಡ್ಡದೊಳಕ್ಕೆ ಚಾಚಿ ಇಡಬೇಕು. ಹಿಂಬದಿಗೆ ಮಣ್ಣಲ್ಲ, ಚೂರುಕಲ್ಲು ತುಂಬಬೇಕು. ಇದನ್ನು ತಪ್ಪಿಸಿದವರ ಗೋಡೆಯೇ ಮೊದಲು ಬೀಳುವುದು: ಮಣ್ಣು ನೀರು ಕುಡಿದು ಉಬ್ಬುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ತಳ್ಳುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಮೇಲೆ ಸಂದಿಗೆ ಸಿಮೆಂಟು ಮೆತ್ತಿದರೆ ನೀರಿಗೆ ಉಳಿದ ದಾರಿಯೂ ಮುಚ್ಚುತ್ತದೆ. ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟುವುದೊಂದೇ ಉಪಾಯ.

ಗೋಡೆಯ ಆಯುಸ್ಸು ಅದರ ಒಡೆಯನನ್ನೂ ಅವಲಂಬಿಸಿದೆ. ಎದುರು ದಂಡೆಯಲ್ಲಿ ಈಗ ಪಾಳುಬಿದ್ದಿರುವ ಸ್ಟೂಬೆನ್ ಸನ್ಯಾಸಿನಿಯರ ಮಠ 12ನೆಯ ಶತಮಾನದ್ದು. ಅಂಥ ಮಠಗಳ ಕೈಯಲ್ಲೇ ಮೋಸೆಲ್ ಕಣಿವೆಯ ಬಹಳಷ್ಟು ದ್ರಾಕ್ಷಿ ನೆಲವಿತ್ತು. 1787ರಲ್ಲಿ ಟ್ರಿಯರ್‌ನ ದೊರೆ-ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್ಸೆಸ್ಲಾಸ್ ಕಳಪೆ ಬಳ್ಳಿಗಳನ್ನು ಕಿತ್ತು ಉತ್ತಮ ತಳಿ ನೆಡಬೇಕೆಂದು ಆಜ್ಞೆ ಹೊರಡಿಸಿದ; ರೀಸ್ಲಿಂಗ್ ಹಬ್ಬಲು ಅದು ನೆರವಾಯಿತು. 1794ರಲ್ಲಿ ಫ್ರೆಂಚರು ಬಂದ ಮೇಲೆ ಮಠಗಳ ಆಸ್ತಿ ಹರಾಜಾಗಿ ರೈತರಿಗೂ ವ್ಯಾಪಾರಿಗಳಿಗೂ ಹೋಯಿತು. ಮಕ್ಕಳಿಗೆಲ್ಲ ಸಮಪಾಲು ಎಂಬ ಪದ್ಧತಿಯಿಂದ ತೋಟಗಳು ತುಂಡುತುಂಡಾದವು. ಕಡಿದಾದ ನೆಲದ ದುಡಿಮೆ ಬಯಲಿನ ಯಂತ್ರದ ತೋಟಕ್ಕಿಂತ ಹಲವು ಪಟ್ಟು. ಮೇಲಿನ ಪಟ್ಟಿಯವನು ಕೈಬಿಟ್ಟರೆ ಮುಳ್ಳುಪೊದೆಯ ಬೇರು ಗೋಡೆಯನ್ನು ಸೀಳುತ್ತದೆ, ಕಲ್ಲು ಉರುಳುವುದು ಕೆಳಗಿನವನ ಬಳ್ಳಿಯ ಮೇಲೆ. ಈಗ ಒಂಟಿ ಹಳಿಯ ಮೇಲೆ ಹಲ್ಲುಚಕ್ರ ಕಚ್ಚಿ ಏರುವ ಮೋಟಾರು ಬಂಡಿ ಆಳನ್ನೂ ಹೊರೆಯನ್ನೂ ಸಾಗಿಸುತ್ತದೆ. ಪಾಳು ನೆಲ ಮತ್ತೆ ತೋಟವಾಗಲು ಒಂದು ಮುಖ್ಯ ಕಾರಣ ಈ ಬಂಡಿ ಎಂದೇ ನಾನು ನಂಬುತ್ತೇನೆ.

ಈ ಊರಿನ ಪಕ್ಕದಲ್ಲಿ ಕೊಡಗನ್ನೂ ಮಲೆನಾಡನ್ನೂ ಇಟ್ಟು ನೋಡಿದರೆ ಸಂಕಟವಾಗುತ್ತದೆ. ಮೋಸೆಲ್ ಕಣಿವೆಯ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ.; ಮಡಿಕೇರಿಯಲ್ಲಿ 3000 ಮಿ.ಮೀ. ದಾಟುತ್ತದೆ. ಮಣ್ಣೂ ಬೇರೆ, ನಮ್ಮದು ಆಳವಾಗಿ ಶಿಥಿಲವಾದ ಕೆಂಪುಮಣ್ಣು. ಹಾಗಾಗಿ ಇವರ ಗೋಡೆಯನ್ನು ಹಾಗೆಯೇ ಎತ್ತಿ ಅಲ್ಲಿ ಇಡಲಾಗದು. ಆದರೆ ಮಳೆ ಅಷ್ಟು ಹೆಚ್ಚಿರುವ ಕಡೆಯೇ ನಾವು ಜೆಸಿಬಿ ತಂದು ಧರೆಯನ್ನು, ಅಂದರೆ ಗುಡ್ಡದ ಇಳಿಜಾರಿನ ಮಣ್ಣನ್ನು, ನೆಟ್ಟಗೆ ಕಡಿದು, ಅದಕ್ಕೆ ತಾಗಿಸಿ ಮನೆ ಕಟ್ಟುತ್ತೇವೆ. 2018ರ ಆಗಸ್ಟಿನ ಕೊಡಗಿನ ಕುಸಿತಕ್ಕೆ ಅತಿಮಳೆಯ ಜೊತೆಗೆ ಇಂಥ ಕಡಿತವೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಧರೆ ಕುಸಿದ ಮೇಲೆ ಕಾಂಕ್ರೀಟು ತಡೆಗೋಡೆ ಏಳುತ್ತದೆ. ಕಾಂಕ್ರೀಟು ತಪ್ಪಲ್ಲ. ಅದಕ್ಕೆ ಮೀಟರಿಗೊಂದು, ಒಂದೂವರೆ ಮೀಟರಿಗೊಂದರಂತೆ 3–4 ಇಂಚಿನ ಬಸಿ ಕೊಳವೆ ಬೇಕು, ಹಿಂದೆ ಜಲ್ಲಿಯ ಪದರ ಬೇಕು. ಧರೆಯ ತಲೆಯ ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯೂ ಬೇಕು. ಎಷ್ಟೋ ಕಡೆ ಗುತ್ತಿಗೆದಾರರು ಕೊಳವೆ ಇಟ್ಟು, ಹಿಂದೆ ಅದೇ ಅಗೆದ ಮಣ್ಣು ತುಂಬುತ್ತಾರೆ. ಒಂದೆರಡು ಮಳೆಗಾಲದಲ್ಲೇ ಅವು ಕಟ್ಟಿಕೊಳ್ಳುತ್ತವೆ.

ಮನೆ ಹಿಂದೆ ಅಂಥ ಗೋಡೆ ಇರುವವರು ಮುಂಗಾರಿನ ನಡುವೆ ಒಮ್ಮೆ ಹೋಗಿ ನೋಡಲಿ. ಗೋಡೆಯ ಮೈ ಒದ್ದೆಯಾಗಿ ಕೊಳವೆ ಮಾತ್ರ ಒಣಗಿದ್ದರೆ ಅದು ಕಟ್ಟಿದೆ, ಸಲಾಕೆ ಹಾಕಿ ಬಿಡಿಸಬೇಕು. ಕೊಳವೆಯಿಂದ ಕೆಸರುನೀರು ಬರುತ್ತಿದ್ದರೆ ಒಳಗಿನ ಮಣ್ಣು ಕರಗುತ್ತಿದೆ. ಧರೆಯ ಮೇಲೆ ಹೊಸ ಬಿರುಕು ಕಂಡರೆ ಟಾರ್ಪಾಲು ಹೊದಿಸಿ, ಆ ರಾತ್ರಿಯೇ ಮನೆ ಬಿಡಬೇಕು.